ಎತ್ತಿಕೊಂಡರೆ ಕೊಸರುವ ಬೆಕ್ಕು, ಮಡಿಲಿಗೆ ಬರುವ ಮರಿ: ದೋಷ ಪತ್ತೆ ಮತ್ತು ನಿವಾರಣೆ

"ಮನೆಯೆಲ್ಲ ಹಿಂದೆ ಹಿಂದೆ ಸುತ್ತುತ್ತೆ, ಎತ್ತಿಕೊಂಡರೆ ಮಾತ್ರ ಪರಚಿ ಓಡುತ್ತೆ." ಬೆಕ್ಕು ಸಾಕಿದವರಲ್ಲಿ ಹಲವರ ದೂರು ಇದು. ಈ ದೂರಿನೊಳಗೆ ಎರಡು ಬೇರೆ ಬೇರೆ ಸಂಗತಿಗಳು ಕಲಸಿಕೊಂಡಿರುತ್ತವೆ. ಬಾಲ ನೆಟ್ಟಗೆ ನಿಲ್ಲಿಸಿಕೊಂಡು ಎದುರು ಬರುವ, ಕಾಲಿಗೆ ಕೆನ್ನೆ ಉಜ್ಜುವ, ನೀವು ಕೂತ ಕೋಣೆಗೇ ಬಂದು ಮಲಗುವ ಬೆಕ್ಕಿಗೆ ನಿಮ್ಮ ಮೇಲೆ ಪ್ರೀತಿ ಇದ್ದೇ ಇದೆ. ಅದಕ್ಕೆ ಬೇಡವಾದದ್ದು ನೆಲ ಬಿಡುವುದು. ಬೆಕ್ಕು ಇಲಿ ಹಿಡಿಯುತ್ತದೆ ನಿಜ, ನಾಯಿಯ ಬಾಯಿಗೂ ಸಿಗುತ್ತದೆ. ನಾಲ್ಕೂ ಕಾಲು ಗಾಳಿಯಲ್ಲಿ ತೂಗಿದರೆ ಅದರ ಲೆಕ್ಕದಲ್ಲಿ ಯಾರದೋ ಹಿಡಿತಕ್ಕೆ ಸಿಕ್ಕಂತೆ.

ಹುಡುಕಾಟ ಒಂದೇ ಪ್ರಶ್ನೆಯಿಂದ ಶುರುವಾಗಲಿ: ಯಾವಾಗಿನಿಂದ ಹೀಗೆ? ಮೊದಲು ಚೆನ್ನಾಗಿ ಎತ್ತಿಸಿಕೊಳ್ಳುತ್ತಿದ್ದದ್ದು ಈಚೆಗೆ ಬಿಟ್ಟಿದ್ದರೆ ನೋವನ್ನು ಹುಡುಕಬೇಕು. ಮನೆಯಲ್ಲಿ ಒಬ್ಬರ ಕೈಗೆ ಬರುತ್ತದೆ, ಇನ್ನೊಬ್ಬರ ಕೈಗೆ ಬರುವುದಿಲ್ಲ ಎಂದಾದರೆ ಆ ಕೈಯನ್ನು ನೋಡಬೇಕು. ಬಂದ ದಿನದಿಂದಲೂ ಹೀಗೇ ಇದ್ದರೆ ಅದರ ಮೊದಲ ಎರಡು ತಿಂಗಳು ಎಲ್ಲಿ ಕಳೆಯಿತು ಎಂದು ವಿಚಾರಿಸಬೇಕು. ಈ ಅನುಕ್ರಮ ತಪ್ಪಿಸಬೇಡಿ. ನೋವಿರುವ ಬೆಕ್ಕಿಗೆ ಅಭ್ಯಾಸ ಮಾಡಿಸಲು ಹೋದರೆ ಅದು ಕಲಿಯುವುದು ಒಂದೇ ಪಾಠ: ಈ ಕೈ ಬಂದರೆ ನೋವಾಗುತ್ತದೆ.

ಇದ್ದಕ್ಕಿದ್ದಂತೆ ಶುರುವಾಗಿದ್ದರೆ

ಬೆಕ್ಕು ನೋವನ್ನು ಅಡಗಿಸಿಕೊಳ್ಳುತ್ತದೆ. ಕುಂಟುವುದು, ಅರಚುವುದು ಬಹಳ ತಡವಾಗಿ ಬರುವ ಲಕ್ಷಣಗಳು. ಅದಕ್ಕಿಂತ ಮೊದಲು ಬೇರೆ ಸುಳಿವು ಸಿಗುತ್ತವೆ. ಕಾಂಪೌಂಡ್ ಗೋಡೆಗೆ ಒಂದೇ ನೆಗೆತಕ್ಕೆ ಹಾರುತ್ತಿದ್ದದ್ದು ಈಗ ನಡುವೆ ಬಕೆಟ್ಟಿನ ಮೇಲೆ ಕಾಲಿಟ್ಟು ಹತ್ತುತ್ತದೆಯೇ? ಸೊಂಟದ ಮೇಲಿನ ರೋಮ ಗಂಟುಗಂಟಾಗಿದೆಯೇ? ಹಾಗಿದ್ದರೆ ಹಿಂದಕ್ಕೆ ಬಾಗಿ ನೆಕ್ಕಿಕೊಳ್ಳಲು ಆಗುತ್ತಿಲ್ಲ ಎಂದರ್ಥ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿತು. 90 ಬೆಕ್ಕುಗಳಲ್ಲಿ ಕೀಲು ಸವೆದ ಗುರುತಿತ್ತು. ಮುದಿ ಬೆಕ್ಕು "ಸಿಡುಕಾಗಿದೆ" ಎನ್ನುವ ಮೊದಲು ಈ ಅಂಕಿ ನೆನಪಿರಲಿ.

ಕೆನ್ನೆ, ಗದ್ದ ಮುಟ್ಟಿದಾಗ ತಲೆ ಎಳೆದುಕೊಂಡರೆ, ಗಟ್ಟಿ ಆಹಾರವನ್ನು ಒಂದೇ ಬದಿಯಲ್ಲಿ ಅಗಿದರೆ, ಹಲ್ಲು ನೋಡಿಸಿ. ಹೊರಗೆ ತಿರುಗಾಡುವ ಗಂಡುಬೆಕ್ಕು ಜಗಳವಾಡಿ ಬಂದ ಎರಡು ನಾಲ್ಕು ದಿನಕ್ಕೆ ಮುಟ್ಟಿಸಿಕೊಳ್ಳದಿದ್ದರೆ ರೋಮದಡಿ ಕೀವು ತುಂಬಿದ ಬಾವು ಇರಬಹುದು. ಕೆನ್ನೆ, ಮುಂಗಾಲು, ಬಾಲದ ಬುಡ ಇದರ ಮಾಮೂಲು ಜಾಗಗಳು. ಗಾಯದ ಬಾಯಿ ಮುಚ್ಚಿಹೋಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಬಿಸಿಯಾಗಿ ತಗಲುತ್ತದೆ. ಉದ್ದ ರೋಮದ ಪರ್ಷಿಯನ್ ತಳಿ ಸಾಕಿದವರು ಕಂಕುಳು ಮತ್ತು ತೊಡೆಸಂದು ಬಿಡಿಸಿ ನೋಡಿ. ಅಲ್ಲಿ ರೋಮ ಜಡೆಗಟ್ಟಿದ್ದರೆ ಎತ್ತಿದಾಗಲೆಲ್ಲ ಚರ್ಮವನ್ನೇ ಜಗ್ಗಿದಂತಾಗುತ್ತದೆ. ಕತ್ತರಿ ಹಾಕಬೇಡಿ. ಜಡೆಯ ಜೊತೆ ತೆಳು ಚರ್ಮವೂ ಮೇಲೆದ್ದಿರುತ್ತದೆ, ಕತ್ತರಿಸಿಬಿಡುತ್ತೀರಿ. ಟ್ರಿಮ್ಮರ್‌ನಲ್ಲಿ ತೆಗೆಸಿ.

ಒಂದು ಲಕ್ಷಣಕ್ಕೆ ಮಾತ್ರ ನಾಳೆ ಎನ್ನುವ ಹಾಗಿಲ್ಲ. ಗಂಡುಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು, ತಿಣುಕಿ, ಹನಿಯೂ ಬಾರದೆ ಎದ್ದರೆ, ಹೊಟ್ಟೆ ಮುಟ್ಟಿದಾಗ ಕಿರುಚಿದರೆ, ಮೂತ್ರನಾಳ ಕಟ್ಟಿಕೊಂಡಿದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ರಾತ್ರಿಯಾದರೂ ಹೊರಡಿ.

ಮುಖ ನೋಡಿ ನೋವು ಅಳೆಯುವ ಪಟ್ಟಿಯೊಂದನ್ನು 2019ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು ಹೊರತಂದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಹೊತ್ತ ರೀತಿ: ಐದಕ್ಕೂ 0ಯಿಂದ 2ರವರೆಗೆ ಅಂಕ. ಕಿವಿ ಅಗಲಕ್ಕೆ ಸರಿದು, ಕಣ್ಣು ಅರೆ ಮುಚ್ಚಿ, ಮೂತಿ ಬಿಗಿದು, ಮೀಸೆ ನೇರವಾಗಿ, ತಲೆ ಭುಜಕ್ಕಿಂತ ತಗ್ಗಿದ್ದರೆ ಅಂಕ ಏರುತ್ತದೆ. 10ಕ್ಕೆ 4 ಬಂದರೆ ನೋವಿನ ಔಷಧಿ ಬೇಕು. ಡಾಕ್ಟರ ಟೇಬಲ್ ಮೇಲೆ ಹೆದರಿದ ಬೆಕ್ಕು ಏನನ್ನೂ ತೋರಗೊಡುವುದಿಲ್ಲ. ಮನೆಯಲ್ಲಿ ಅದು ನಡೆಯುವುದು, ಹಾರುವುದು, ಕೂರುವುದು ಮೊಬೈಲಿನಲ್ಲಿ ಒಂದೆರಡು ನಿಮಿಷ ಹಿಡಿದು ಒಯ್ಯಿರಿ. ಮನೆಯ ಡಬ್ಬಿಯಿಂದ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿನ ಯಕೃತ್ತು ಅದನ್ನು ಅರಗಿಸದು, ಒಂದೇ ಮಾತ್ರೆ ಕೊಲ್ಲಬಹುದು.

ಕೈಯ ದೋಷ

ನೋವಿಲ್ಲ ಎಂದು ಖಾತ್ರಿಯಾದ ಮೇಲೆ ಎತ್ತುವ ರೀತಿಯನ್ನು ನೋಡಿ. ಸಾಮಾನ್ಯವಾಗಿ ಏನಾಗುತ್ತದೆಂದರೆ, ನಿಂತವರು ಮೇಲಿನಿಂದ ಬಗ್ಗುತ್ತಾರೆ, ಎರಡೂ ಕೈ ಮುಂಗಾಲಿನ ಕಂಕುಳಿಗೆ ಹಾಕಿ ಮಗುವನ್ನು ಎತ್ತಿದಂತೆ ಎತ್ತುತ್ತಾರೆ. ಬೆಕ್ಕಿನ ಕಾಲರ್ ಮೂಳೆ ಚಿಕ್ಕದು, ಬೇರೆ ಮೂಳೆಗೆ ಕೂಡಿಕೊಂಡಿರದೆ ಸ್ನಾಯುಗಳ ನಡುವೆ ತೇಲಿಕೊಂಡಿರುತ್ತದೆ. ಸಂದಿಯಲ್ಲಿ ನುಸುಳಲು ಒಳ್ಳೆಯದು, ಮುಂಗಾಲಿನ ಮೇಲೆ ಇಡೀ ಮೈ ತೂಗಲು ಅಲ್ಲ. ಸಾಲದ್ದಕ್ಕೆ ಹಿಂಗಾಲು ಎರಡೂ ನೇತಾಡುತ್ತಿರುತ್ತವೆ. ಇಂಥ ಹಿಡಿತದಲ್ಲಿ ಕೊಸರದ ಬೆಕ್ಕೇ ಅಪರೂಪ.

ಸರಿಯಾದ ಕ್ರಮ ಹೀಗೆ. ಪಕ್ಕಕ್ಕೆ ಕೂತುಕೊಳ್ಳಿ, ಎದುರಿಗಲ್ಲ. ಮಡಿಸಿದ ಬೆರಳಿನ ಗೆಣ್ಣನ್ನು ಅದರ ಮೂಗಿನ ಎತ್ತರಕ್ಕೆ, ಒಂದು ಗೇಣು ದೂರದಲ್ಲಿ ಹಿಡಿಯಿರಿ. ಮೂಸಿ ಕೆನ್ನೆ ಒತ್ತಿದರೆ ಮುಂದುವರಿಯಿರಿ. ಮೂಸಿ ಮುಖ ತಿರುಗಿಸಿದರೆ ಇವತ್ತಿಗೆ ಬೇಡ. ಒಂದು ಅಂಗೈ ಎದೆಯಡಿ, ಮುಂಗಾಲುಗಳ ಹಿಂದೆ. ಇನ್ನೊಂದು ಕೈ ಪೃಷ್ಠದ ಕೆಳಗೆ, ಹಿಂಗಾಲುಗಳನ್ನು ಒಟ್ಟಿಗೆ ಹೊತ್ತಂತೆ. ತೂಕದ ಹೆಚ್ಚು ಪಾಲು ಈ ಹಿಂದಿನ ಕೈಯದೇ. ಎತ್ತಿದ ತಕ್ಷಣ ನಿಮ್ಮ ಮೈಗೆ ಒತ್ತಿಕೊಳ್ಳಿ. ಮುಂಗಾಲು ಎರಡೂ ನಿಮ್ಮ ಮುಂಗೈಯ ಮೇಲೋ ಭುಜದ ಮೇಲೋ ಊರಲಿ. ಬೆನ್ನು ಕೆಳಗಾಗಿ ತೊಟ್ಟಿಲ ಕೂಸಿನಂತೆ ಮಲಗಿಸಬೇಡಿ. ಕತ್ತಿನ ಚರ್ಮ ಹಿಡಿದು ಎತ್ತಬೇಡಿ. ತಾಯಿ ಹಾಗೆ ಎತ್ತುವುದು ಕೆಲವು ವಾರಗಳ ಮರಿಯನ್ನು; ನಾಲ್ಕು ಕಿಲೋ ಬೆಕ್ಕು ಆ ಹಿಡಿತದಲ್ಲಿ ಸುಮ್ಮನಾಗುವುದು ಹೆದರಿಕೆಯಿಂದ.

ಇಳಿಸುವಾಗ ಸೊಂಟ ಬಗ್ಗಿಸಿ, ನಾಲ್ಕೂ ಪಾದ ನೆಲ ಮುಟ್ಟಿದ ಮೇಲೆ ಕೈ ಬಿಡಿ. ಎದೆಯ ಎತ್ತರದಿಂದ ಧುಮುಕಲು ಬಿಟ್ಟರೆ ಧುಮುಕುವಾಗ ಒದೆಯುವ ಹಿಂಗಾಲಿನ ಉಗುರು ನಿಮ್ಮ ಹೊಟ್ಟೆಯಲ್ಲಿ ಗೀರು ಬಿಡುತ್ತದೆ, ಮುಂದಿನ ಸಲ ನೀವೇ ಹೆದರಿ ಬಿಗಿಯಾಗಿ ಹಿಡಿಯುತ್ತೀರಿ, ಅದು ಇನ್ನಷ್ಟು ಕೊಸರುತ್ತದೆ.

ಕೈಯ ವಾಸನೆಯೂ ಕಾರಣವಾದೀತು. ಈಗಷ್ಟೇ ನಿಂಬೆಹಣ್ಣು ಹಿಂಡಿದ, ನೋವಿನ ಮುಲಾಮು ಹಚ್ಚಿದ, ಸ್ಯಾನಿಟೈಸರ್ ಉಜ್ಜಿದ ಕೈ ಬೆಕ್ಕಿಗೆ ಬೇಡ. ನೆಲಕ್ಕೆ ಫಿನಾಯಿಲ್ ಹಾಕುವ ಮನೆಯವರಿಗೆ ಇನ್ನೊಂದು ಮಾತು: ಫೀನಾಲ್ ಇರುವ ದ್ರಾವಣಗಳು ಬೆಕ್ಕಿಗೆ ವಿಷ. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿಕೊಂಡರೆ ಸಾಕು. ಸಮಯವೂ ಮುಖ್ಯ. ಬೆಕ್ಕಿನ ಮೈ ಬಿಸಿಯೇ 38ರಿಂದ 39 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಅದು ಮಡಿಲಿಗೆ ಬರಲಿಲ್ಲ ಎಂದು ಬೇಸರಪಡುವುದರಲ್ಲಿ ಅರ್ಥವಿಲ್ಲ.

"ಸುಮ್ಮನಿತ್ತು, ಇದ್ದಕ್ಕಿದ್ದಂತೆ ಕಚ್ಚಿತು"

ಸುಮ್ಮನಿರಲಿಲ್ಲ. ಮಡಿಲಲ್ಲಿ ಕೂತ ಬೆಕ್ಕನ್ನು ಸವರುತ್ತ ಟಿವಿ ನೋಡುತ್ತಿದ್ದರೆ ಕಾಣದಿರುವ ಸಂಗತಿಗಳಿವು. ಮೊದಲು ಬಾಲದ ತುದಿ, ಒಂದಂಗುಲದಷ್ಟು ಮಾತ್ರ, ಟಕ್ಕೆಂದು ಅಲುಗುತ್ತದೆ. ಗುರುಗುರು ಸದ್ದು ನಿಲ್ಲುತ್ತದೆ. ಕಿವಿಯ ಹಿಂಭಾಗ ನಿಮಗೆ ಕಾಣುವಷ್ಟು ತಿರುಗುತ್ತದೆ. ಬೆನ್ನಿನ ಚರ್ಮ ನೀರಿನ ಅಲೆಯಂತೆ ಒಮ್ಮೆ ಸರಿಯುತ್ತದೆ. ಬಾಲ ಈಗ ಪೂರ್ತಿ ಬಡಿಯುತ್ತಿರುತ್ತದೆ. ತಲೆ ತಿರುಗಿ ನಿಮ್ಮ ಕೈಯನ್ನು ನೋಡುತ್ತದೆ. ಹಲ್ಲು ಇದೆಲ್ಲ ಆದ ಮೇಲಿನ ಮಾತು. ಬಾಲದ ತುದಿ ಅಲುಗಿದಾಗಲೇ ಕೈ ತೆಗೆದರೆ ಉಳಿದದ್ದು ನಡೆಯುವುದೇ ಇಲ್ಲ. ಗುರುಗುಟ್ಟುತ್ತಿದೆ ಎಂದಮಾತ್ರಕ್ಕೆ ಖುಷಿಯಲ್ಲಿದೆ ಎಂದುಕೊಳ್ಳಬೇಡಿ, ನೋವಿನಲ್ಲೂ ಹೆದರಿಕೆಯಲ್ಲೂ ಬೆಕ್ಕು ಗುರುಗುಟ್ಟುತ್ತದೆ.

ಸುಲಭದ ಪರೀಕ್ಷೆ: ಮೂರು ಸೆಕೆಂಡು ಸವರಿ, ಕೈ ಎತ್ತಿ, ಕಾಯಿರಿ. ತಲೆಯಿಂದ ಕೈಯನ್ನು ಗುದ್ದಿ ಕೇಳಿದರೆ ಇನ್ನೂ ಮೂರು ಸೆಕೆಂಡು. ಕೇಳದಿದ್ದರೆ ಮುಗಿಯಿತು. ಜಾಗ ಕಿವಿಯ ಬುಡ, ಕೆನ್ನೆ, ಗದ್ದ. 2015ರಲ್ಲಿ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಜಾಗ ಸವರಿ ನೋಡಿದಾಗ ಬೆಕ್ಕುಗಳು ಅತಿ ಹೆಚ್ಚು ಸಿಡುಕಿದ್ದು ಬಾಲದ ಬುಡ ಮುಟ್ಟಿದಾಗ. ಹೊಟ್ಟೆ ಮೇಲಾಗಿ ಉರುಳಿದರೆ ಅದು ನಿಮ್ಮ ಮೇಲಿನ ನಂಬಿಕೆ, ಹೊಟ್ಟೆ ಸವರಿ ಎಂಬ ಆಹ್ವಾನವಲ್ಲ.

ಹಲ್ಲು ತಾಗಿದ್ದರೆ, ಚುಚ್ಚಿದಷ್ಟೇ ಸಣ್ಣದಾದರೂ, ನಲ್ಲಿಯ ನೀರು ಬಿಟ್ಟು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಕಾಫಿಪುಡಿ ಹಾಕಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ನಮ್ಮಲ್ಲಿ ರೇಬಿಸ್ ಇದೆ, ಬೆಕ್ಕಿನಿಂದಲೂ ಬರುತ್ತದೆ. ಸಾಲದ್ದಕ್ಕೆ ಬೆಕ್ಕಿನ ಸೂಜಿಹಲ್ಲು ಆಳಕ್ಕೆ ಇಳಿಯುವುದರಿಂದ ಒಂದೇ ದಿನದಲ್ಲಿ ಕೈ ಊದಿಕೊಳ್ಳುವುದುಂಟು.

ಬಂದ ದಿನದಿಂದಲೂ ಹೀಗೇ

ಮನುಷ್ಯರ ಕೈ ಹೆದರುವಂಥದ್ದಲ್ಲ ಎಂದು ಬೆಕ್ಕಿನ ಮರಿ ಕಲಿಯುವುದು ಎರಡನೇ ವಾರದಿಂದ ಏಳನೇ ವಾರದವರೆಗೆ. ನಮ್ಮ ಹಳ್ಳಿಮನೆಗಳಲ್ಲಿ ಆ ಐದು ವಾರ ಅದು ಅಟ್ಟದ ಮೇಲೋ ಬಣವೆಯ ಸಂದಿಯಲ್ಲೋ ಇರುತ್ತದೆ. ಮುಟ್ಟಿದರೆ ತಾಯಿ ಏಳು ಮನೆ ಸುತ್ತಿಸುತ್ತದೆಂದು ಯಾರೂ ಹತ್ತಿರ ಹೋಗುವುದಿಲ್ಲ. ಕೆಳಗಿಳಿದು ಬರುವ ಹೊತ್ತಿಗೆ ಕಲಿಯುವ ಆ ಅವಧಿ ಮುಗಿದಿರುತ್ತದೆ. ಪೂರ್ತಿ ಅಲ್ಲ, ಬಹುಪಾಲು. ಇನ್ನೊಂದು ಕಾರಣ ಅಪ್ಪ. ಧೈರ್ಯದ ಗಂಡಿನ ಮರಿಗಳು ಧೈರ್ಯದವಾಗುತ್ತವೆ, ಅಪ್ಪನ ಮುಖವನ್ನೇ ನೋಡಿರದಿದ್ದರೂ. ಸಾಂಡ್ರಾ ಮೆಕ್ಯೂನ್ ಎಂಬ ಸಂಶೋಧಕಿ 1995ರಲ್ಲಿ ಇದನ್ನು ತೋರಿಸಿದರು.

ಇಂಥ ಬೆಕ್ಕಿಗೆ ಮಡಿಲು ಕಲಿಸುವ ಗುರಿ ಬೇಡ. 10 ಸೆಕೆಂಡು ಎತ್ತಿಸಿಕೊಂಡು ಬುಟ್ಟಿಗೆ ಇಳಿಯುವಷ್ಟಾದರೆ ಸಾಕು. ಔಷಧಿ, ಲಸಿಕೆ, ಮನೆ ಬದಲಾವಣೆ ಎಲ್ಲಕ್ಕೂ ಅಷ್ಟು ಬೇಕು. ಅಭ್ಯಾಸ ಊಟಕ್ಕೆ ಅರ್ಧ ಗಂಟೆ ಮೊದಲು, ದಿನಕ್ಕೆ ಎರಡು ಸಲ, ಸಲಕ್ಕೆ ಎರಡೇ ನಿಮಿಷ. ಬಹುಮಾನಕ್ಕೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕದ ಬೇಯಿಸಿದ ಕೋಳಿ, ಬಟಾಣಿಯ ಅರ್ಧದಷ್ಟು ಚೂರು.

1. ಪಕ್ಕೆಗೆ ಅಂಗೈ ಒಂದು ಸೆಕೆಂಡು. ಕೈ ತೆಗೆದ ಮೇಲೆ ಚೂರು.
2. ಎರಡೂ ಕೈ, ಎದೆಯಡಿ ಮತ್ತು ಪೃಷ್ಠಕ್ಕೆ, ಎತ್ತದೆ.
3. ತೂಕ ಮಾತ್ರ ಕೈಗೆ ಬರುವಂತೆ ಸ್ವಲ್ಪ ಮೇಲೊತ್ತಿ. ಪಾದ ನೆಲದಲ್ಲೇ ಇರಲಿ.
4. ಎರಡು ಬೆರಳಗಲ ಎತ್ತಿ, ಕೂಡಲೇ ಇಳಿಸಿ.
5. ಮೈಗೆ ಒತ್ತಿಕೊಂಡು ಎರಡು ಸೆಕೆಂಡು. ಆಮೇಲೆ ನಾಲ್ಕು, ಏಳು, ಹತ್ತು.

ಒಂದು ಹೆಜ್ಜೆ ಸತತ ಐದು ಸಲ ಬಾಲ ಅಲುಗದೆ ನಡೆದರೆ ಮಾತ್ರ ಮುಂದಿನದು. ಮೈ ಬಿಗಿಯಾದರೆ ಒಂದಲ್ಲ, ಎರಡು ಹೆಜ್ಜೆ ಹಿಂದೆ. ಚೂರು ತಿನ್ನದಿದ್ದರೆ ಹಸಿವಿಲ್ಲ ಎಂದಲ್ಲ, ಹೆದರಿಕೆ ಜಾಸ್ತಿಯಾಗಿದೆ ಎಂದು ತಿಳಿಯಿರಿ. ಇಲ್ಲಿ ಎಲ್ಲರೂ ಎಡವುವುದು ಮೂರನೇ ದಿನ: ಎರಡು ದಿನ ಚೆನ್ನಾಗಿ ಹೋಯಿತೆಂದು ಮೂರನೆಯ ದಿನ ಎತ್ತಿ ಮುದ್ದಾಡಿಬಿಡುತ್ತಾರೆ. ಮತ್ತೆ ಒಂದನೇ ಹೆಜ್ಜೆ. ವಾರಗಳು ಹಿಡಿಯುತ್ತವೆ, ಕೆಲವಕ್ಕೆ ತಿಂಗಳುಗಳು.

ಈ ನಡುವೆ ದೂರದಿಂದ ಮಾತಾಡಿಸುವ ದಾರಿಯೂ ಇದೆ. ಕಣ್ಣನ್ನು ನಿಧಾನಕ್ಕೆ ಅರೆಮುಚ್ಚಿ, ಮುಚ್ಚಿ, ತೆರೆಯಿರಿ. 2020ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ಹೀಗೆ ಕಣ್ಣು ಮಿಟುಕಿಸಿದವರತ್ತ ಬೆಕ್ಕುಗಳು ತಿರುಗಿ ಮಿಟುಕಿಸಿದವು, ಅಪರಿಚಿತರ ಕೈಯ ಹತ್ತಿರಕ್ಕೂ ಹೆಚ್ಚು ಬಂದವು.

ಮಡಿಲಿಗೆ ಬರುವ ಮರಿ ಬೇಕಾದರೆ

ಹೆಚ್ಚಿನ ಕೆಲಸ ಮರಿ ನಿಮ್ಮ ಮನೆಗೆ ಬರುವ ಮೊದಲೇ ಮುಗಿದಿರುತ್ತದೆ. ಆದ್ದರಿಂದ ಬಣ್ಣ ನೋಡಿ ಆರಿಸಬೇಡಿ. ಮನೆಯೊಳಗೆ, ಜನರ ನಡುವೆ ಹುಟ್ಟಿದ ಮರಿಯನ್ನು ನೋಡಿ. ತಾಯಿಯನ್ನು ಮುಟ್ಟಿ ನೋಡಿ, ಅಪ್ಪ ಯಾವುದೆಂದು ಕೇಳಿ. ನೆಲದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತರೆ ತಾನೇ ಬಂದು ಪಂಚೆಯ ಅಂಚು ಹತ್ತುವ ಮರಿ ಒಂದಿರುತ್ತದೆ. ಅದನ್ನು ಎತ್ತಿಕೊಳ್ಳಿ. ಅರ್ಧ ನಿಮಿಷದೊಳಗೆ ಮೈ ಸಡಿಲಾದರೆ ಅದೇ ನಿಮ್ಮದು. ಮೂಲೆಯಲ್ಲಿ ಮುದುಡಿ ಕೂತದ್ದನ್ನು ಅಯ್ಯೋ ಪಾಪ ಎಂದು ತರುವುದು ಪುಣ್ಯದ ಕೆಲಸವೇ, ಮಡಿಲಿನ ನಿರೀಕ್ಷೆ ಮಾತ್ರ ಜೊತೆಗಿರಬಾರದು.

ವಯಸ್ಸಿನಲ್ಲಿ ಮೋಸ ಹೋಗುವುದು ಸಾಮಾನ್ಯ. "ಎರಡು ತಿಂಗಳಾಗಿದೆ" ಎಂದು ಐದು ವಾರದ್ದನ್ನು ಕೊಡುತ್ತಾರೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ: ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ವಾರಕ್ಕೆ ಸುಮಾರು 100 ಗ್ರಾಂ ಏರಿ ಎಂಟು ವಾರಕ್ಕೆ 800ರಿಂದ 900 ಗ್ರಾಂ ಆಸುಪಾಸು ಇರುತ್ತದೆ. ಕಣ್ಣು ಇನ್ನೂ ಪೂರ್ತಿ ನೀಲಿಬೂದಿಯಾಗಿದ್ದರೆ ಏಳು ವಾರ ಆಗಿರಲಿಕ್ಕಿಲ್ಲ. (ಸಯಾಮಿ ತಳಿಯಂಥವಕ್ಕೆ ಇದು ಹೊಂದುವುದಿಲ್ಲ, ಅವುಗಳ ಕಣ್ಣು ನೀಲಿಯಾಗಿಯೇ ಉಳಿಯುತ್ತದೆ.) ತಾಯಿಯಿಂದ ಬೇಗ ಅಗಲಿಸಿದರೆ ಕಚ್ಚುವುದಕ್ಕೆ ಮಿತಿ ಯಾವುದೆಂದು ಒಡಹುಟ್ಟಿದವುಗಳಿಂದ ಕಲಿತಿರುವುದಿಲ್ಲ. 2017ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಸುಮಾರು 5,700 ಬೆಕ್ಕುಗಳ ಮಾಹಿತಿ ನೋಡಿದಾಗ ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬಿಡಿಸಿದವು ಹೆಚ್ಚು ಆಕ್ರಮಣಕಾರಿಯಾಗಿದ್ದವು. 12 ವಾರ ಕಾಯುವುದು ಒಳ್ಳೆಯದು. ಮಾರುವವರು ಕಾಯದಿದ್ದರೆ, ಒಂದರ ಬದಲು ಜೊತೆ ಮರಿ ತನ್ನಿ. ಕಚ್ಚಾಟದ ಪಾಠ ಅವೇ ಮಾಡಿಕೊಳ್ಳುತ್ತವೆ.

ಮೊದಲ ಮೂರು ದಿನ ಒಂದೇ ಸಣ್ಣ ಕೋಣೆ. ಮಂಚದಡಿ ಸೇರಿಕೊಂಡರೆ ಎಳೆಯಬೇಡಿ. ನೆಲದ ಮೇಲೆ ಕೂತು ಓದಿಕೊಳ್ಳಿ, ಮೆತ್ತನೆಯ ಆಹಾರವನ್ನು ಉದ್ದ ಚಮಚದಲ್ಲಿ ಮುಂದೆ ಹಿಡಿಯಿರಿ. ದಿನಕ್ಕೆ ನಾಲ್ಕು ಸಲ ಊಟ, ಮೂರು ತಿಂಗಳ ಮೇಲೆ ಮೂರು ಸಲ. ಹಸುವಿನ ಹಾಲು ಕೊಟ್ಟರೆ ಭೇದಿ. ಬರೀ ಹಾಲು ಅನ್ನದಲ್ಲಿ ಮಾಂಸದಿಂದ ಸಿಗುವ ಟಾರಿನ್ ಎಂಬ ಪೋಷಕಾಂಶ ಸಾಕಷ್ಟು ಇರುವುದಿಲ್ಲ, ಅದಿಲ್ಲದೆ ಕಣ್ಣೂ ಹೃದಯವೂ ಕೆಡುತ್ತವೆ. ಉಣ್ಣಿ, ಚಿಗಟಕ್ಕೆ ನಾಯಿಯ ಔಷಧಿ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಮರಿ ನಡುಗಿ ಸಾಯಬಹುದು.

ಇನ್ನು ಕೈಗೆ ಒಗ್ಗಿಸುವುದು. ಅಮೆರಿಕದ ಐಲೀನ್ ಕಾರ್ಶ್ 1980ರ ದಶಕದಲ್ಲಿ ಕಂಡದ್ದು: ದಿನಕ್ಕೆ 15 ನಿಮಿಷ ಮನುಷ್ಯರ ಕೈಯಲ್ಲಿದ್ದ ಮರಿಗಳಿಗಿಂತ 40 ನಿಮಿಷ ಇದ್ದವು ಹೆಚ್ಚು ಅಂಟಿಕೊಂಡವು. ನಲವತ್ತನ್ನು ಒಂದೇ ಸಲ ಮುಗಿಸಬೇಡಿ. ಐದೈದು ನಿಮಿಷದ ಎಂಟು ಕಂತು, ಆಟ ಮತ್ತು ಊಟ ಮುಗಿದು ಕಣ್ಣು ಎಳೆಯುವ ಹೊತ್ತಿಗೆ. ಮನೆಯವರೆಲ್ಲರ ಕೈಗೂ ಹೋಗಲಿ, ಇಲ್ಲವಾದರೆ ಒಬ್ಬರಿಗೇ ಅಂಟಿಕೊಳ್ಳುತ್ತದೆ. ನಿದ್ದೆಗಣ್ಣಿನಲ್ಲಿ ಕಿವಿ ಮಡಿಸಿ ನೋಡಿ, ತುಟಿ ಎತ್ತಿ, ಪಾದದ ಮೆತ್ತೆ ಒತ್ತಿ ಉಗುರು ಹೊರತನ್ನಿ. ದಿನಕ್ಕೆ ಒಂದೇ ಉಗುರಿನ ಪಾರದರ್ಶಕ ತುದಿಯನ್ನು ಒಂದು ಮಿಲಿಮೀಟರಿನಷ್ಟು ಕತ್ತರಿಸಿ. ಒಳಗಿನ ಗುಲಾಬಿ ಭಾಗಕ್ಕೆ ತಾಗಿದರೆ ರಕ್ತ ಬರುತ್ತದೆ, ಆಮೇಲೆ ತಿಂಗಳುಗಟ್ಟಲೆ ಪಾದ ಕೊಡುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ನಿಯಮ ಇದು: ಕೊಸರುವ ಮೊದಲೇ ಇಳಿಸಿ. ಕೊಸರಿದ ಮೇಲೆ ಇಳಿಸಿದರೆ "ಕೊಸರಿದರೆ ಬಿಡುತ್ತಾರೆ" ಎಂದು ಕಲಿಯುತ್ತದೆ. ಕೊಸರಿದರೂ ಬಿಡದಿದ್ದರೆ "ಕಚ್ಚಬೇಕು" ಎಂದು ಕಲಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಹೆಚ್ಚಿನ ಮರಿಗಳು ಕೆಡುವುದು ಈ ಎರಡನೆಯ ದಾರಿಯಲ್ಲಿ. ಎಂಟು ವರ್ಷದೊಳಗಿನ ಮಕ್ಕಳು ಎತ್ತುವುದು ಬೇಡ. ಚಕ್ಕಳಮಕ್ಕಳ ಹಾಕಿ ಕೂರಲಿ, ಮರಿ ತಾನೇ ಹತ್ತಲಿ.

ಮರಿ ಕೈ ಕಚ್ಚುತ್ತದೆ ಎಂಬ ದೂರಿಗೆ ಕಾರಣ ಬಹುಮಟ್ಟಿಗೆ ಬೆರಳು ಕುಣಿಸಿ ಆಡಿಸಿದ್ದು. 600 ಗ್ರಾಂ ಇದ್ದಾಗ ಮುದ್ದು, ನಾಲ್ಕು ಕಿಲೋ ಆದಾಗ ಹೊಲಿಗೆ. ಕಚ್ಚಿದಾಗ ಕೈ ಎಳೆದರೆ ಬೇಟೆ ಓಡಿದಂತಾಗಿ ಗಟ್ಟಿಯಾಗಿ ಹಿಡಿಯುತ್ತದೆ. ಕೈಯನ್ನು ಸತ್ತಂತೆ ನಿಲ್ಲಿಸಿ, ಬಿಟ್ಟ ಮೇಲೆ ಎದ್ದುಹೋಗಿ. ಹೊಡೆಯುವುದು, ಮೂಗಿಗೆ ತಟ್ಟುವುದು ಬೇಡವೇ ಬೇಡ. ದಿನಕ್ಕೆ ಮೂರು ನಾಲ್ಕು ಸಲ, ಹತ್ತು ನಿಮಿಷ, ಕೋಲಿಗೆ ಕಟ್ಟಿದ ಬಟ್ಟೆಚೂರು ಎಳೆದಾಡಿ ದಣಿಸಿ. ಮೂರೂವರೆ ತಿಂಗಳಿಂದ ಆರರವರೆಗೆ ಹಾಲುಹಲ್ಲು ಬೀಳುವುದರಿಂದ ಕಚ್ಚುವುದು ಹೆಚ್ಚು; ಅದು ತಾನಾಗಿ ಇಳಿಯುತ್ತದೆ.

ಮೂರು ತಿಂಗಳಲ್ಲಿ ಹೆಗಲಿಂದ ಇಳಿಯದಿದ್ದ ಮರಿ ಏಳನೇ ತಿಂಗಳಲ್ಲಿ ದೂರ ಕೂರತೊಡಗಿದರೆ ಗಾಬರಿ ಬೇಡ, ಹರೆಯ ಅದು. ಹಿಂದೆ ಬಿದ್ದು ಎತ್ತದೆ, ಬಂದಾಗ ಮೂರು ಸೆಕೆಂಡಿನ ನಿಯಮದಲ್ಲಿ ಸವರಿ. ಇದಕ್ಕೆ ಉಲ್ಟಾ ಪ್ರಕರಣವೂ ಇದೆ: ನಾಲ್ಕೈದು ತಿಂಗಳ ಹೆಣ್ಣುಮರಿ ದಿಢೀರನೆ ಉರುಳಾಡಿ, ಕೂಗಿ, ಮೈಮೇಲೆ ಬೀಳುತ್ತದೆ. ಪ್ರೀತಿ ಉಕ್ಕಿದ್ದಲ್ಲ, ಬೆದೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿಕೊಳ್ಳಿ.

ಎತ್ತಿಸಿಕೊಳ್ಳದ ಹಳೆಯ ಬೆಕ್ಕಿರುವ ಮನೆಗೆ ಮುದ್ದಿನ ಮರಿ ತಂದರೆ, ಮರಿಯನ್ನು ನೋಡಿ ಹಳೆಯದು ಕಲಿಯುವುದಿಲ್ಲ. ಬದಲಾಗಿ ನಿಮ್ಮ ಕೈಗೆ ಹತ್ತಿದ ಹೊಸ ವಾಸನೆಗೆ ಇನ್ನೂ ದೂರವಾಗುತ್ತದೆ. ಮರಿಗೆ ಲಸಿಕೆ, ಜಂತುಔಷಧಿ ಆಗುವವರೆಗೆ, ಕನಿಷ್ಠ ಎರಡು ವಾರ, ಬಾಗಿಲು ಮುಚ್ಚಿದ ಬೇರೆ ಕೋಣೆ. ಒಂದು ಹಳೇ ಪಂಚೆ ತುಂಡಿನಿಂದ ಮರಿಯ ಕೆನ್ನೆ ಒರೆಸಿ ಹಳೆಯದರ ಮಲಗುವ ಜಾಗದ ಹತ್ತಿರ ಇಡಿ, ಇನ್ನೊಂದು ತುಂಡಿನಿಂದ ಹಳೆಯದರ ಕೆನ್ನೆ ಒರೆಸಿ ಮರಿಯ ಹತ್ತಿರ ಇಡಿ. ಮುಚ್ಚಿದ ಬಾಗಿಲಿನ ಎರಡೂ ಬದಿ ಒಂದೇ ಹೊತ್ತಿಗೆ ಊಟ, ಆಮೇಲೆ ಸಂದು ತೆರೆದು. ಮಲಮೂತ್ರದ ಮರಳುತಟ್ಟೆ ಬೆಕ್ಕಿನ ಲೆಕ್ಕಕ್ಕಿಂತ ಒಂದು ಹೆಚ್ಚಿರಲಿ: ಎರಡು ಬೆಕ್ಕಿಗೆ ಮೂರು, ಬೇರೆ ಬೇರೆ ಜಾಗದಲ್ಲಿ. ಹಳೆಯದು ಬುಸ್ಸೆಂದು ದೂರ ಸರಿದರೆ ಬೈಯಬೇಡಿ, ಎಷ್ಟು ದೂರದಲ್ಲಿರಬೇಕೆಂದು ಮರಿಗೆ ಹೇಳುತ್ತಿದೆ ಅಷ್ಟೆ. ಸದ್ದಿಲ್ಲದೆ ಮರಿಯ ತಟ್ಟೆಗೆ ಅಡ್ಡ ಕೂತು ದಿಟ್ಟಿಸತೊಡಗಿದರೆ ಮಾತ್ರ ಬಾಗಿಲು ಮುಚ್ಚಿ, ಪಂಚೆ ತುಂಡಿನ ಹೆಜ್ಜೆಗೆ ಮರಳಿ.